ದಾರಿಯ ಪೂರ್ವಜನ್ಮ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರಿಲ್ಲದ ಸೈಕಲ್ ಹಾದಿಗಳು

ಬರ್ಗಂಡಿ ಸೀಮೆಯ ಕ್ಲುನಿ ಪಟ್ಟಣದಿಂದ ಆಗ್ನೇಯಕ್ಕೆ ಹೊರಟರೆ ಕೆಲವೇ ಕಿಲೋಮೀಟರ್‌ಗಳಲ್ಲಿ ಬ್ವಾ ಕ್ಲೇರ್ ಎಂಬ ಗುಡ್ಡಸಾಲು ಅಡ್ಡ ಬರುತ್ತದೆ. ಎರಡು ರೈಲುಮಾರ್ಗಗಳು ಎರಡು ಬೇರೆ ಬಗೆಯಲ್ಲಿ ಈ ಗುಡ್ಡವನ್ನು ದಾಟಿವೆ. 1981ರಲ್ಲಿ ಸಂಚಾರ ಆರಂಭಿಸಿದ ಪ್ಯಾರಿಸ್–ಲಿಯೋಂ ನಡುವಿನ ಟಿಜಿವಿ ಎಂಬ ಅತಿವೇಗದ ರೈಲಿನ ಮಾರ್ಗವು ನೆಲದ ಮೇಲೆಯೇ ಏರಿ ಇಳಿದುಬಿಡುತ್ತದೆ. ನೂರು ಮೀಟರಿಗೆ ಮೂರೂವರೆ ಮೀಟರ್ ಏರನ್ನು ಹತ್ತುವ ಕಸುವು ಆ ರೈಲಿಗಿರುವುದರಿಂದ ಆ ಇಡೀ ಮಾರ್ಗದಲ್ಲಿ ಒಂದೂ ಸುರಂಗವಿಲ್ಲ. ಅದೇ ಗುಡ್ಡಕ್ಕೆ ಎದುರಾದ 19ನೇ ಶತಮಾನದ ಎಂಜಿನಿಯರುಗಳ ಕೈಯಲ್ಲಿದ್ದುದು ಉಗಿಬಂಡಿ. ಒದ್ದೆಯಾದ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಜಾರದೆ ಹತ್ತಬೇಕೆಂದರೆ ಏರು ನೂರಕ್ಕೆ ಒಂದೆರಡು ಮೀಟರ್ ಮೀರುವಂತಿರಲಿಲ್ಲ. ಆದ್ದರಿಂದ ಅವರು ಗುಡ್ಡದ ಹೊಟ್ಟೆಯನ್ನೇ 1.6 ಕಿಲೋಮೀಟರ್ ಉದ್ದಕ್ಕೆ ಕೊರೆದರು. ಇಂದು ಆ ಹಳೆಯ ಸುರಂಗದಲ್ಲಿ ಹಳಿಯಿಲ್ಲ, ರೈಲಿಲ್ಲ. ಸೈಕಲ್ ಸವಾರರೂ ಕಾಲ್ನಡಿಗೆಯವರೂ ಓಡಾಡುತ್ತಾರೆ.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರುಗಳ ಕಾಟವಿಲ್ಲದೆ ದಿನಗಟ್ಟಲೆ ಸೈಕಲ್ ತುಳಿಯಬಹುದು ಎಂಬ ಮಾತನ್ನು ಹಲವರು ಕೇಳಿರುತ್ತಾರೆ. ಆದರೆ ಆ ನೆಮ್ಮದಿ ಎಲ್ಲಿಂದ ಬಂತು, ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಪ್ರವಾಸಿ ಕರಪತ್ರಗಳ ಬಣ್ಣದ ಚಿತ್ರಗಳಿಗಿಂತ ಈ ಸುರಂಗವೇ ಹೆಚ್ಚು ಹೇಳುತ್ತದೆ. ಸೈಕಲ್ ತುಳಿಯುವ ಮನುಷ್ಯ ಶಕ್ತಿಯ ಲೆಕ್ಕದಲ್ಲಿ ಟಿಜಿವಿಗೆ ಅಲ್ಲ, ಉಗಿಬಂಡಿಗೆ ಹತ್ತಿರದ ನೆಂಟ. ಅದಕ್ಕೆ ಒಗ್ಗುತ್ತಿದ್ದ ನೆಲವೇ ಇವನಿಗೂ ಒಗ್ಗುತ್ತದೆ. ಒಂದು ದಾರಿ ಈಗ ಹೇಗಿದೆ ಎಂದು ವಿಚಾರಿಸುವುದಕ್ಕಿಂತ ಅದು ಮೊದಲು ಏನಾಗಿತ್ತು ಎಂದು ವಿಚಾರಿಸುವುದು ಮೇಲು: ರೈಲುಹಳಿಯಾಗಿತ್ತೇ, ಕಾಲುವೆಯ ದಂಡೆಯಾಗಿತ್ತೇ, ಹೊಲಕ್ಕೆ ಗಾಡಿ ಹೋಗುವ ಜಾಡಾಗಿತ್ತೇ? ಏರು, ನೆರಳು, ನೀರು, ಊರಿನ ದೂರ ಎಲ್ಲವನ್ನೂ ಬಹುಮಟ್ಟಿಗೆ ಆ ಪೂರ್ವಜನ್ಮವೇ ನಿರ್ಧರಿಸಿರುತ್ತದೆ.

ಮೊದಲು ಏರಿನ ಲೆಕ್ಕವನ್ನು ನೋಡೋಣ, ಏಕೆಂದರೆ 'ಸೌಮ್ಯವಾದ ಏರಿಳಿತದ ನಾಡು' ಎಂಬ ವರ್ಣನೆ ಸವಾರರನ್ನು ಮೋಸಗೊಳಿಸುವಷ್ಟು ಇನ್ನಾವುದೂ ಮೋಸಗೊಳಿಸುವುದಿಲ್ಲ. ಸವಾರ, ಸೈಕಲ್ ಮತ್ತು ಸಾಮಾನು ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟಾದ ನೆಲದಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 50 ವ್ಯಾಟ್ ಶಕ್ತಿ ಸಾಕು. ನೂರಕ್ಕೆ ಒಂದು ಮೀಟರ್ ಏರಿದ್ದರೆ ಅದೇ ವೇಗಕ್ಕೆ 90 ವ್ಯಾಟ್ ಬೇಕಾಗುತ್ತದೆ. ಏರು ನೂರಕ್ಕೆ ಆರಾದರೆ ಅದೇ ವೇಗಕ್ಕೆ 300 ವ್ಯಾಟ್‌ಗೆ ಸಮೀಪ ಬೇಕು. ಅದು ಪಳಗಿದ ಪಂದ್ಯಗಾರರ ಶಕ್ತಿ. ಸಾಮಾನ್ಯ ಆರೋಗ್ಯವಂತರು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ನೂರರ ಆಸುಪಾಸಿನದು. ಆದ್ದರಿಂದ ಅವರು ಆ ಏರಿನಲ್ಲಿ ಗಂಟೆಗೆ ಐದಾರು ಕಿಲೋಮೀಟರಿಗೆ, ಅಂದರೆ ನಡಿಗೆಯ ವೇಗಕ್ಕೆ, ಇಳಿಯುತ್ತಾರೆ.

ಒಂದು ಗುಡ್ಡವಾದರೆ ತಳ್ಳಿಕೊಂಡಾದರೂ ಹತ್ತಬಹುದು. ಏರಿಳಿತದ ನಾಡಿನ ತೊಂದರೆ ಎಂದರೆ ಗುಡ್ಡ ದೊಡ್ಡದಿರುವುದಿಲ್ಲ, ಆದರೆ ಮುಗಿಯುವುದೂ ಇಲ್ಲ. ಮೂರು ಕಿಲೋಮೀಟರಿಗೊಮ್ಮೆ ನಲವತ್ತು ಮೀಟರ್ ಹತ್ತಿಳಿಯುವ ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಕ್ರಮಿಸಿದರೆ ಒಟ್ಟು 800 ಮೀಟರ್ ಹತ್ತಿದಂತಾಗುತ್ತದೆ. ಭೂಪಟದಲ್ಲಿ ಇದು ಬೆಟ್ಟದ ನಾಡೆಂದು ತೋರುವುದೇ ಇಲ್ಲ. ಸಂಜೆ ಮೊಣಕಾಲಿಗೆ ಮಾತ್ರ ಗೊತ್ತಾಗುತ್ತದೆ. ಹಳೆಯ ರಸ್ತೆಗಳು ಊರಿಂದ ಊರಿಗೆ ಹೋಗುತ್ತವೆ, ಊರುಗಳು ಬಹಳ ಕಡೆ ದಿಬ್ಬದ ಮೇಲಿವೆ, ನಡುವೆ ಹಳ್ಳಗಳಿವೆ. ರೈಲುಹಳಿ ಹಾಗಲ್ಲ. ಅದು ಹಳ್ಳವನ್ನು ಅಡ್ಡಹಾಯುವ ಬದಲು ಅದರ ಜೊತೆಗೇ ಸಾಗುತ್ತದೆ, ದಿಬ್ಬ ಬಂದರೆ ಕಡಿದು ನಡುವೆ ನುಸುಳುತ್ತದೆ, ತಗ್ಗು ಬಂದರೆ ಮಣ್ಣು ತುಂಬಿ ಮೇಲೆ ಹೋಗುತ್ತದೆ. ಆ ಕಡಿತವನ್ನೂ ತುಂಬುವಿಕೆಯನ್ನೂ ಹಿಂದಿನ ತಲೆಮಾರಿನ ಕೂಲಿಗಳು ಗುದ್ದಲಿ ಹಿಡಿದು ಮಾಡಿ ಮುಗಿಸಿದ್ದಾರೆ. ಈಗ ಸವಾರಿ ಮಾಡುವವರು ಅದರ ಫಲವನ್ನು ಉಣ್ಣುತ್ತಿದ್ದಾರೆ.

ಇಷ್ಟೊಂದು ಚಿಕ್ಕ ರೈಲುಮಾರ್ಗಗಳು ಹಳ್ಳಿಗಾಡಿಗೆ ಬಂದುದಕ್ಕೆ ರಾಜಕೀಯವೇ ಕಾರಣ. ಫ್ರಾನ್ಸಿನ ಮೂರನೆಯ ಗಣರಾಜ್ಯ ಇನ್ನೂ ಎಳೆಯದಾಗಿದ್ದಾಗ ಲೋಕೋಪಯೋಗಿ ಸಚಿವರಾಗಿದ್ದ ಶಾರ್ಲ್ ದ ಫ್ರೆಸಿನೆ ಅವರು ರೈಲು, ಕಾಲುವೆ ಮತ್ತು ಬಂದರುಗಳ ದೊಡ್ಡ ಯೋಜನೆಯೊಂದನ್ನು ಮುಂದಿಟ್ಟರು. 1879ರ ಜುಲೈನಲ್ಲಿ ಬಂದ ಕಾನೂನು 181 ಹೊಸ ಮಾರ್ಗಗಳನ್ನು ಪಟ್ಟಿ ಮಾಡಿತು. ಒಟ್ಟು ಉದ್ದ ಸುಮಾರು 8,700 ಕಿಲೋಮೀಟರ್. ನಮ್ಮ ತಾಲೂಕು ಕೇಂದ್ರಗಳಿಗೆ ಹೋಲಿಸಬಹುದಾದ ಚಿಕ್ಕ ಆಡಳಿತ ಪಟ್ಟಣಗಳಿಗೂ ರೈಲು ಮುಟ್ಟಬೇಕೆಂಬುದು ಅದರ ಆಶಯವಾಗಿತ್ತು. ಲಾಭ ಬರುವ ಮಾರ್ಗಗಳನ್ನು ಅಷ್ಟರಲ್ಲಾಗಲೇ ಕಟ್ಟಿಯಾಗಿದ್ದರಿಂದ ಹೊಸ ಮಾರ್ಗಗಳಲ್ಲಿ ಬಹುಪಾಲು ಹುಟ್ಟುವಾಗಲೇ ಬಡವಾಗಿದ್ದವು. ಮೊದಲ ಮಹಾಯುದ್ಧದ ನಂತರ ಬಸ್ಸು, ಲಾರಿ ಬಂದವು. 1938ರ ಜನವರಿಯಲ್ಲಿ ಖಾಸಗಿ ಕಂಪನಿಗಳೆಲ್ಲ ಸೇರಿ ರಾಷ್ಟ್ರೀಯ ರೈಲು ಸಂಸ್ಥೆ ಎಸ್‌ಎನ್‌ಸಿಎಫ್ ಆಗಿ, ನಷ್ಟದ ಮಾರ್ಗಗಳಲ್ಲಿ ಪ್ರಯಾಣಿಕರ ಗಾಡಿಗಳು ಒಂದೊಂದಾಗಿ ನಿಂತವು. ಗೋಧಿ, ಮರ, ಕಲ್ಲು ಸಾಗಿಸುತ್ತ ಕೆಲವು ಇನ್ನಷ್ಟು ವರ್ಷ ಉಸಿರಾಡಿ ಆಮೇಲೆ ಮುಚ್ಚಿದವು.

ಹಳಿ ಕಿತ್ತುಹೋದ ಮೇಲೂ ಉಳಿದದ್ದು ಏಳೆಂಟು ಮೀಟರ್ ಅಗಲದ, ಹತ್ತಾರು ಕಿಲೋಮೀಟರ್ ಉದ್ದದ ನೆಲದ ಪಟ್ಟಿ. ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಪಟ್ಟಿಗೆ ಬೆಲೆ ಬರುವುದು ಅದು ತುಂಡಾಗದೆ ಉಳಿದರೆ ಮಾತ್ರ. ಅಕ್ಕಪಕ್ಕದ ರೈತರಿಗೆ ನೂರು ಮೀಟರ್ ಇಲ್ಲಿ, ಇನ್ನೂರು ಮೀಟರ್ ಅಲ್ಲಿ ಮಾರಿಹೋದ ಕಡೆ ದಾರಿ ಸತ್ತಂತೆಯೇ. ಮತ್ತೆ ಕೂಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಬರ್ಗಂಡಿಯ ದಕ್ಷಿಣಕ್ಕಿರುವ ಸೋನ್-ಎ-ಲ್ವಾರ್ ಜಿಲ್ಲೆಯಲ್ಲಿ ಹಾಗಾಗಲಿಲ್ಲ. ಅಲ್ಲಿ 1997ರಲ್ಲಿ ಜಿವ್ರಿಯಿಂದ ಕ್ಲುನಿವರೆಗಿನ 44 ಕಿಲೋಮೀಟರ್ ಹಳೆಯ ಹಳಿಯ ಜಾಗಕ್ಕೆ ಡಾಂಬರು ಹಾಕಿ ಜನರಿಗೆ ಬಿಟ್ಟುಕೊಟ್ಟರು. ಫ್ರಾನ್ಸಿನ ಮೊದಲ 'ವ್ವಾ ವೆರ್ತ್' ಎಂದು ಹೆಸರಾದುದು ಇದೇ. ಪದಶಃ ಅರ್ಥ 'ಹಸಿರು ದಾರಿ'.

ಈ ಹೆಸರು ಬರಿಯ ಪ್ರಚಾರದ ಮಾತಲ್ಲ, ಕಾನೂನಿನ ಪದ. 2004ರಲ್ಲಿ ರಸ್ತೆ ಸಂಚಾರ ಸಂಹಿತೆಗೆ ಸೇರಿದ ವ್ಯಾಖ್ಯೆಯ ಪ್ರಕಾರ ವ್ವಾ ವೆರ್ತ್ ಎಂದರೆ ಮೋಟಾರಿಲ್ಲದ ವಾಹನಗಳಿಗೆ, ಪಾದಚಾರಿಗಳಿಗೆ ಮತ್ತು ಕುದುರೆ ಸವಾರರಿಗೆ ಮೀಸಲಾದ ದಾರಿ. ನಡೆಯುವವ, ಸೈಕಲ್ ಮತ್ತು ಕುದುರೆಯ ಚಿತ್ರಗಳಿರುವ ನೀಲಿ ಚೌಕದ ಫಲಕ ಕಂಡಿತೆಂದರೆ ಅಲ್ಲಿಂದ ಮುಂದೆ ಕಾರು ಬರುವಂತಿಲ್ಲ. ಇದಕ್ಕಿಂತ ಬೇರೆಯಾದ ಇನ್ನೊಂದು ಪದವಿದೆ, 'ವೆಲೊರೂತ್'. ಅದು ದೂರದೂರಿಗೆ ಹೋಗುವ, ಗುರುತುಫಲಕ ಹಾಕಿದ ಸೈಕಲ್ ಮಾರ್ಗ. ಅದರಲ್ಲಿ ಕೆಲವು ಭಾಗ ಹಸಿರು ದಾರಿಯಾಗಿರಬಹುದು, ಕೆಲವು ಭಾಗ ಕಾಲುವೆ ದಂಡೆಯಾಗಿರಬಹುದು, ಉಳಿದದ್ದು ಕಾರುಗಳೂ ಓಡಾಡುವ ಹಳ್ಳಿರಸ್ತೆಯಾಗಿರಬಹುದು. ಈ ಎರಡು ಪದಗಳನ್ನು ಒಂದೇ ಎಂದುಕೊಂಡು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊರಟವರು ಮೊದಲ ದಿನವೇ ಬೇಸ್ತು ಬೀಳುತ್ತಾರೆ.

ಲ್ವಾರ್ ನದಿಯ ಗುಂಟ ನೆವೆರ್ ಪಟ್ಟಣದ ಸಮೀಪದಿಂದ ಅಟ್ಲಾಂಟಿಕ್ ತೀರದವರೆಗೆ ಹೋಗುವ 900 ಕಿಲೋಮೀಟರಿನ 'ಲ್ವಾರ್ ಆ ವೆಲೊ' ಇಂಥ ಮಿಶ್ರ ಮಾರ್ಗಕ್ಕೆ ಪ್ರಸಿದ್ಧ ಉದಾಹರಣೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗಿನ ಯೂರೊವೆಲೊ 6 ಮಾರ್ಗವೂ ಫ್ರಾನ್ಸಿನಲ್ಲಿ ಮೊದಲು ಇದೇ ಜಾಡಿನಲ್ಲಿ ಬಂದು, ಆಮೇಲೆ ಕಾಲುವೆಗಳನ್ನೂ ಸೋನ್, ದೂ ನದಿಗಳನ್ನೂ ಹಿಡಿದು ಸ್ವಿಟ್ಜರ್ಲೆಂಡಿನ ಬಾಸೆಲ್ ಕಡೆಗೆ ಹೊರಳುತ್ತದೆ. ಲ್ವಾರ್ ದಾರಿ ಸುಂದರವಾಗಿದೆ, ಅರಮನೆಗಳಿವೆ, ಚಪ್ಪಟೆಯಾಗಿದೆ. ಆದರೆ ಅದು 'ಕಾರಿಲ್ಲದ' ದಾರಿಯಲ್ಲ, 'ಕಾರು ಕಡಿಮೆಯಿರುವ' ದಾರಿ. ಬೇಸಿಗೆಯಲ್ಲಿ ಅಲ್ಲಿ ಸೈಕಲ್ಲುಗಳದೇ ಜಾತ್ರೆ ಎಂಬುದನ್ನೂ ಸೇರಿಸಿ ಹೇಳಬೇಕು.

ಜಿವ್ರಿ–ಕ್ಲುನಿ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ರೈಲಿನ ಪೂರ್ವಜನ್ಮ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ತಿರುವುಗಳು ಎಷ್ಟು ದೊಡ್ಡ ಬಳಸಿನವೆಂದರೆ ಹ್ಯಾಂಡಲ್ ತಿರುಗಿಸಿದ್ದೇ ತಿಳಿಯುವುದಿಲ್ಲ. ನಾಲ್ಕೈದು ಕಿಲೋಮೀಟರಿಗೊಮ್ಮೆ ದಾರಿಯ ಪಕ್ಕದಲ್ಲಿ ಹಳೆಯ ನಿಲ್ದಾಣದ ಕಟ್ಟಡವೋ ಗೇಟುಕಾವಲಿನವನ ಪುಟ್ಟ ಮನೆಯೋ ಸಿಗುತ್ತದೆ. ಜಿವ್ರಿಯಿಂದ ಬ್ಯುಸಿವರೆಗೆ ದ್ರಾಕ್ಷಿ ತೋಟಗಳ ಬುಡದಲ್ಲಿ ಸಾಗಿ, ಸ್ಯಾಂ-ಜಾಂಗೂ ದಾಟಿದ ಮೇಲೆ ಗ್ರೋನ್ ನದಿಯ ಕಣಿವೆಗೆ ಇಳಿದು, ಬೇಲಿಗಿಡಗಳ ನಡುವಿನ ಹುಲ್ಲುಗಾವಲುಗಳಲ್ಲಿ ಮೇಯುವ ಬಿಳಿಯ ಶಾರೊಲೆ ದನಗಳನ್ನು ನೋಡುತ್ತ ಕೊರ್ಮತ್ಯಾಂ ತಲುಪುತ್ತೇವೆ. ಅಲ್ಲಿ 17ನೇ ಶತಮಾನದ ಆರಂಭದ ಕಂದಕವಿರುವ ಅರಮನೆಯಿದೆ. ಸ್ಯಾಂ-ಜಾಂಗೂವಿನ ಹೆಸರಿನ ಬಾಲದಲ್ಲೂ ಚರಿತ್ರೆಯಿದೆ: ಒಂದು ಕಾಲಕ್ಕೆ 'ಲ ರ‍್ವಯಾಲ್', ಅಂದರೆ 'ರಾಜನ' ಊರಾಗಿದ್ದುದು, ರಾಜ ಹೋದ ಮೇಲೆ 'ಲ ನಾಸಿಯೊನಾಲ್', 'ರಾಷ್ಟ್ರದ' ಊರಾಯಿತು. ಹೆಸರಿನ ಮಾತು ಬಂದಿದ್ದರಿಂದ ಇನ್ನೊಂದು: ಬರ್ಗಂಡಿಯ ಊರಹೆಸರುಗಳ ನಡುವೆ ಎಕ್ಸ್ ಅಕ್ಷರ ಕಂಡರೆ 'ಕ್ಸ' ಎನ್ನದೆ 'ಸ' ಎನ್ನಬೇಕು. ಟಿಕೆಟ್ ಕೌಂಟರಿನಲ್ಲಿ ಬ್ಯುಸಿಯನ್ನು 'ಬಕ್ಸಿ' ಎಂದೂ ಓಸೆರ್ ಪಟ್ಟಣವನ್ನು 'ಆಕ್ಸೆರ್' ಎಂದೂ ಕೇಳಿದರೆ ಆ ಕಡೆಯವರು ಒಂದು ಕ್ಷಣ ಕಣ್ಣುಬಿಡುತ್ತಾರೆ.

ಕೊರ್ಮತ್ಯಾಂ ದಾಟಿದರೆ ತೆಜೆ. 1940ರಲ್ಲಿ ಸಹೋದರ ರೊಜೆ ಎಂಬವರು ಅಲ್ಲಿ ನೆಲೆಸಿ ಕಟ್ಟಿದ ಕ್ರೈಸ್ತ ಸಹಜೀವನದ ನೆಲೆಗೆ ಈಗ ಯುರೋಪಿನ ಎಲ್ಲ ಕಡೆಯಿಂದ ಯುವಜನರು ಬರುತ್ತಾರೆ. ದಾರಿ ಕಣಿವೆಯಲ್ಲಿದೆ, ತೆಜೆ ದಿಬ್ಬದ ಮೇಲಿದೆ. ಹಳಿಗೆ ಊರಿಗಿಂತ ಮಟ್ಟಸವಾದ ನೆಲ ಮುಖ್ಯವಾಗಿದ್ದುದರಿಂದ ಹಲವು ಕಡೆ ನಿಲ್ದಾಣಕ್ಕೂ ಊರಿಗೂ ನಡುವೆ ಒಂದು ಏರು ಉಳಿದಿದೆ. ಹಸಿರು ದಾರಿಯಲ್ಲಿ ಇಡೀ ದಿನ ಬೆವರದೆ ಸಾಗಿದವರು ಸಂಜೆ ಉಳಿಯುವ ಮನೆಗೆ ಹೋಗುವ ಕೊನೆಯ ಒಂದು ಕಿಲೋಮೀಟರಿನಲ್ಲಿ ಸೈಕಲ್ ತಳ್ಳುವುದು ಈ ಕಾರಣದಿಂದ. ಕೊಠಡಿ ಕಾಯ್ದಿರಿಸುವಾಗ ದಾರಿಯಿಂದ ಎಷ್ಟು ದೂರ ಎಂಬುದರ ಜೊತೆಗೆ ಎಷ್ಟು ಎತ್ತರ ಎಂಬುದನ್ನೂ ನೋಡಿಕೊಳ್ಳಬೇಕು. 'ಅಕ್ಯೊಯ್ ವೆಲೊ' ಎಂಬ ರಾಷ್ಟ್ರೀಯ ಗುರುತು ಪಡೆದ ವಸತಿಗಳು ಸೈಕಲ್ ಮಾರ್ಗದಿಂದ ಐದು ಕಿಲೋಮೀಟರಿನೊಳಗೆ ಇರಬೇಕು, ಸೈಕಲ್ ಇಡಲು ಭದ್ರ ಜಾಗ ಕೊಡಬೇಕು ಎಂಬ ನಿಯಮಗಳಿವೆ. ಎತ್ತರದ ಬಗ್ಗೆ ಅದರಲ್ಲಿ ಮಾತಿಲ್ಲ.

ಕ್ಲುನಿಯಲ್ಲಿ ಅರ್ಧ ದಿನವಾದರೂ ಸೈಕಲ್ಲನ್ನು ಗೋಡೆಗೊರಗಿಸಬೇಕು. 910ರಲ್ಲಿ ಅಕ್ವಿಟೇನಿನ ಡ್ಯೂಕ್ ವಿಲಿಯಂ ಸ್ಥಾಪಿಸಿದ ಮಠ ಅದು. ಅಲ್ಲಿ ಮೂರನೆಯದಾಗಿ ಕಟ್ಟಿದ ಇಗರ್ಜಿ, ರೋಮಿನ ಈಗಿನ ಸಂತ ಪೀಟರ್ ಇಗರ್ಜಿ ಏಳುವವರೆಗೂ, ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಕ್ರಾಂತಿಯ ನಂತರ ಅದನ್ನು ಕಲ್ಲಿಗಾಗಿ ಕೆಡವಿದರು. ಈಗ ಉಳಿದಿರುವುದು ಹತ್ತರಲ್ಲೊಂದು ಪಾಲು.

ಕ್ಲುನಿಯಿಂದ ಮಾಕೋಂ ಪಟ್ಟಣದ ಕಡೆಗೆ ಹೊರಟವರಿಗೆ ಮೊದಲು ಹೇಳಿದ ಆ ಸುರಂಗ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನದಲ್ಲಿ ಬೆವರಿದ ಅಂಗಿಯಲ್ಲಿ ಒಳಗೆ ಹೋದವರಿಗೆ ನೂರು ಮೀಟರಿನಲ್ಲೇ ಚಳಿ ಹತ್ತುತ್ತದೆ, ಕನ್ನಡಕ ಮಂಜಾಗುತ್ತದೆ, ಮಾತು ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ತೆಳ್ಳನೆಯ ಕೋಟೊಂದನ್ನು ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡಿರುವುದೂ ಸೈಕಲ್ಲಿಗೆ ದೀಪವಿರುವುದೂ ಒಳ್ಳೆಯದು. ಚಳಿಗಾಲದಲ್ಲಿ ಈ ಸುರಂಗವನ್ನು ಮುಚ್ಚುತ್ತಾರೆ, ಕಾರಣ ಬಾವಲಿಗಳು. ಅವು ಅಲ್ಲಿ ಚಳಿನಿದ್ದೆ ಮಾಡುತ್ತವೆ. ನಿದ್ದೆಯಲ್ಲಿ ಎಚ್ಚರಗೊಂಡರೆ ವಸಂತದವರೆಗೆ ಕೂಡಿಟ್ಟ ಕೊಬ್ಬು ಕರಗಿ ಸಾಯುವ ಅಪಾಯವಿರುತ್ತದೆ. ಆ ತಿಂಗಳುಗಳಲ್ಲಿ ಸವಾರರು ಗುಡ್ಡದ ಮೇಲಿನ ಬದಲಿ ದಾರಿಯನ್ನು ಹತ್ತಬೇಕು, ಅಂದರೆ ಟಿಜಿವಿಯ ಪಾಡು ಪಡಬೇಕು.

ಎರಡನೆಯ ಬಗೆಯ ದಾರಿಯ ಪೂರ್ವಜನ್ಮ ಇನ್ನೂ ಹಳೆಯದು. ಕಾಲುವೆಯಲ್ಲಿ ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ದಂಡೆಯಿಂದ ಎಳೆಯುತ್ತಿದ್ದ ಕಾಲದಲ್ಲಿ ಕುದುರೆಗಳೂ ಎಷ್ಟೋ ಸಲ ಮನುಷ್ಯರೂ ನಡೆದ ಜಾಡು ಅದು. ಫ್ರೆಂಚರು ಅದನ್ನು 'ಅಲಾಜ್' ದಾರಿ ಎನ್ನುತ್ತಾರೆ, ಎಳೆಯುವ ದಾರಿ ಎಂದರ್ಥ. ದೋಣಿಯನ್ನು ಮೇಲಿನ ಮಟ್ಟಕ್ಕೋ ಕೆಳಗಿನ ಮಟ್ಟಕ್ಕೋ ದಾಟಿಸುವ ಎರಡು ತೂಬುಕಟ್ಟೆಗಳ ನಡುವೆ ಕಾಲುವೆಯ ನೀರು ಕೆರೆಯ ನೀರಿನಂತೆ ಮಟ್ಟವಾಗಿ ನಿಂತಿರುವುದರಿಂದ ದಂಡೆಯೂ ಅಷ್ಟೇ ಮಟ್ಟ. ತೂಬುಕಟ್ಟೆ ಬಂದಲ್ಲಿ ಮಾತ್ರ ಎರಡು ಮೂರು ಮೀಟರಿನ ಒಂದು ಚಿಕ್ಕ ಏರು; ಹತ್ತು ಸಲ ಪೆಡಲ್ ಒತ್ತಿದರೆ ಮುಗಿಯಿತು. ಮಿಜೆನ್‌ನಿಂದ ಸ್ಯಾಂ-ಜ್ಯಾಂ-ದ-ಲೋನ್‌ವರೆಗಿನ ಬರ್ಗಂಡಿ ಕಾಲುವೆ 242 ಕಿಲೋಮೀಟರ್ ಉದ್ದವಿದ್ದು 189 ತೂಬುಕಟ್ಟೆಗಳನ್ನು ಹೊಂದಿದೆ. ಉತ್ತರದಿಂದ ಬರುವವರು ಸುಮಾರು 155 ಕಿಲೋಮೀಟರಿನಲ್ಲಿ 300 ಮೀಟರಿನಷ್ಟು ಹತ್ತಿರುತ್ತಾರೆ, ಆದರೆ ಹತ್ತಿದ್ದು ಗಮನಕ್ಕೆ ಬಂದಿರುವುದಿಲ್ಲ. ಪುಯಿ-ಆನ್-ಓಸ್ವಾ ಬಳಿ, ಸಮುದ್ರಮಟ್ಟದಿಂದ 378 ಮೀಟರ್ ಎತ್ತರದಲ್ಲಿ, ಕಾಲುವೆ ನೆತ್ತಿಯನ್ನು ಮುಟ್ಟಿ ಮೂರು ಕಿಲೋಮೀಟರಿಗೂ ಉದ್ದದ ಸುರಂಗಕ್ಕೆ ಇಳಿಯುತ್ತದೆ. ಅದರ ಒಳಗೆ ದಂಡೆಯ ದಾರಿಯಿಲ್ಲ; ದೋಣಿ ಒಳಗೆ ಹೋದರೆ ಸೈಕಲ್ ಗುಡ್ಡದ ಮೇಲೆ ಹೋಗಬೇಕು.

ಇದೇ ಸೀಮೆಯ ನಿವೆರ್ನೆ ಕಾಲುವೆ ನನ್ನ ಮಟ್ಟಿಗೆ ಫ್ರಾನ್ಸಿನ ಅತ್ಯಂತ ಮೌನದ ದಾರಿ. ಓಸೆರ್‌ನಿಂದ ದೆಸೀಜ್‌ವರೆಗೆ 174 ಕಿಲೋಮೀಟರ್. ಮೊರ್ವಾಂ ಕಾಡಿನ ಸೌದೆಯನ್ನು ಪ್ಯಾರಿಸಿನ ಒಲೆಗಳಿಗೆ ಮುಟ್ಟಿಸಲೆಂದು 18ನೇ ಶತಮಾನದ ಕೊನೆಯಲ್ಲಿ ಆರಂಭಿಸಿದ ಕಾಲುವೆಯಿದು. ಸೌದೆಯ ಬೇಡಿಕೆ ಹೋಯಿತು, ಕಾಲುವೆ ಉಳಿಯಿತು. ಸಾರ್ದಿ ಎಂಬಲ್ಲಿ ಮೂರೂವರೆ ಕಿಲೋಮೀಟರಿನೊಳಗೆ ಹದಿನಾರು ತೂಬುಕಟ್ಟೆಗಳು ಮೆಟ್ಟಿಲಿನಂತೆ ಜೋಡಿಸಿಕೊಂಡಿವೆ. ಈ ಕಾಲುವೆ ಹಾಯುವ ನಿಯೆವ್ರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 30 ಜನ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಂದ್ರತೆ 319 ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿನ ಮೌನ ಎಂಥದೆಂದು ತಿಳಿಯುತ್ತದೆ.

ಕಾಲುವೆ ಎಂದೊಡನೆ ಹಲವರಿಗೆ ನೆನಪಾಗುವುದು ದಕ್ಷಿಣದ ಮಿದಿ ಕಾಲುವೆ. ಪಿಯೆರ್-ಪೋಲ್ ರಿಕೆ ಅವರ ಯೋಜನೆಯಂತೆ 1666ರಿಂದ 1681ರ ನಡುವೆ ತೋಡಿದ, 1996ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ 240 ಕಿಲೋಮೀಟರಿನ ಆ ಕಾಲುವೆಯ ಹಿರಿಮೆ ದೊಡ್ಡದು. ಆದರೂ ಮೊದಲ ಸಲ ಹೊರಡುವವರಿಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ತೂಲೂಜ್ ಸುತ್ತಮುತ್ತ ದಂಡೆಗೆ ಡಾಂಬರಿದ್ದರೂ ಮುಂದೆ ಬಹಳ ದೂರ ಅದು ಕಿರಿದಾದ ಮಣ್ಣಿನ ಕಾಲುದಾರಿ. ಸಾಲುಮರಗಳ ಬೇರುಗಳು ಮೇಲೆದ್ದು ಸೈಕಲ್ಲನ್ನೂ ಸವಾರರ ಬೆನ್ನನ್ನೂ ಕುಟ್ಟುತ್ತವೆ. ಆ ಪ್ಲಾಟನ್ ಮರಗಳಿಗೂ ಕುತ್ತು ಬಂದಿದೆ. 2006ರಲ್ಲಿ ಕಾಲುವೆಯ ಬದಿಯಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಸಾವಿರಾರು ಮರಗಳನ್ನು ಕಡಿದು ಸುಡಬೇಕಾಗಿ ಬಂದು, ಹೆಸರುವಾಸಿಯಾಗಿದ್ದ ನೆರಳು ಹಲವು ಕಡೆ ಇಲ್ಲವಾಗಿದೆ.

ದಾರಿಯ ಮೈ ಹೇಗಿದೆ ಎಂಬ ಪ್ರಶ್ನೆ ಅದಕ್ಕೇ ಮುಖ್ಯ. ಹಳೆಯ ಹಳಿಯ ದಾರಿಗಳಿಗೆ ಬಹಳ ಕಡೆ ಡಾಂಬರಿದೆ. ಕಾಲುವೆ ದಂಡೆಗಳಲ್ಲಿ ಸಣ್ಣ ಜಲ್ಲಿ, ಮರಳು ಹಾಕಿ ರೋಲರ್ ಹೊಡೆದ ಗಟ್ಟಿ ನೆಲ ಹೆಚ್ಚು. ಫಲಕಗಳಲ್ಲಿ, ಭೂಪಟಗಳಲ್ಲಿ 'ಸ್ತಬಿಲಿಜೆ' ಎಂದು ಬರೆದಿರುವುದು ಇದನ್ನೇ. ಒಣಗಿದಾಗ ಅದು ಡಾಂಬರಿನಷ್ಟೇ ಚೆನ್ನ, ಎರಡು ದಿನ ಮಳೆ ಬಿದ್ದರೆ ಚೈನಿಗೆಲ್ಲ ಹಿಟ್ಟಿನಂಥ ಬಿಳಿಯ ಕೆಸರು ಮೆತ್ತುತ್ತದೆ. ಪಂದ್ಯದ ಸೈಕಲ್ಲಿನ ಸಪೂರ ಟೈರುಗಳು ಇಲ್ಲಿ ಬೇಡ. 35ರಿಂದ 40 ಮಿಲಿಮೀಟರ್ ಅಗಲದವು ಎಲ್ಲಕ್ಕೂ ಹೊಂದುತ್ತವೆ.

ಮೂರನೆಯ ಬಗೆಗೆ ಹೆಸರೂ ಇಲ್ಲ, ಗುರುತುಫಲಕವೂ ಇಲ್ಲ, ಆದರೆ ಲೆಕ್ಕದಲ್ಲಿ ಅದೇ ಅತ್ಯಂತ ದೊಡ್ಡದು. ಫ್ರಾನ್ಸಿನಲ್ಲಿ ಸುಮಾರು 35,000 ಗ್ರಾಮ–ಪಟ್ಟಣ ಸಭೆಗಳಿವೆ, ಒಂದೊಂದಕ್ಕೂ ತನ್ನ ರಸ್ತೆಗಳ ಜವಾಬ್ದಾರಿಯಿದೆ. ದೇಶದ ಹತ್ತು ಲಕ್ಷ ಕಿಲೋಮೀಟರಿಗೂ ಮೀರಿದ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಗ್ರಾಮರಸ್ತೆಗಳೇ. ಜನ ಪಟ್ಟಣ ಸೇರಿ ಹಳ್ಳಿಗಳು ಬರಿದಾದರೂ ರಸ್ತೆಗಳು ಡಾಂಬರಿನೊಂದಿಗೆ ಉಳಿದಿವೆ. ಮಿಶೆಲಿನ್ ರಸ್ತೆ ನಕ್ಷೆಗಳಲ್ಲಿ ಕೆಂಪು ಬಣ್ಣದ್ದು ದೊಡ್ಡ ರಸ್ತೆ, ಹಳದಿ ಮಧ್ಯಮ, ಬಿಳಿ ಚಿಕ್ಕದು. ಸೈಕಲ್ಲಿಗೆ ಬೇಕಾದುದು ಬಿಳಿ. ಅದರ ಮೇಲೆ ಬಾಣದ ಮೊನೆಯಂಥ ಗುರುತಿದ್ದರೆ ಏರಿದೆ ಎಂದರ್ಥ: ಒಂದಿದ್ದರೆ ನೂರಕ್ಕೆ ಐದರಿಂದ ಒಂಬತ್ತು, ಎರಡಿದ್ದರೆ ಒಂಬತ್ತರಿಂದ ಹದಿಮೂರು, ಮೂರಿದ್ದರೆ ಅದಕ್ಕೂ ಹೆಚ್ಚು. ಆದರೆ ಗುರುತಿಲ್ಲದ ಬಿಳಿ ರಸ್ತೆಯೂ ಏರಿಳಿಯದೆ ಇರುವುದಿಲ್ಲ. ಅದು ಕಣಿವೆಯ ಜೊತೆಗೆ ಹೋಗುತ್ತಿದೆಯೋ ಕಣಿವೆಗಳನ್ನು ಅಡ್ಡಹಾಯುತ್ತಿದೆಯೋ ಎಂಬುದನ್ನು ನೀಲಿಯ ಹೊಳೆಗೆರೆಗಳನ್ನು ನೋಡಿ ತಿಳಿಯಬೇಕು. ಇನ್ನೊಂದು ಉಪಾಯವಿದೆ: ದೊಡ್ಡ ರಸ್ತೆಗೆ ಸಮಾನಾಂತರವಾಗಿ ನದಿಯ ಆಚೆ ದಡದಲ್ಲಿ ಹೋಗುವ ಚಿಕ್ಕ ರಸ್ತೆ ಸಿಕ್ಕರೆ ಕಣ್ಣುಮುಚ್ಚಿ ಅದನ್ನು ಹಿಡಿಯಬಹುದು, ಏಕೆಂದರೆ ಅವಸರವಿರುವ ಪ್ರತಿಯೊಂದು ಕಾರನ್ನೂ ಈಚೆ ದಡ ಎಳೆದುಕೊಂಡಿರುತ್ತದೆ.

ಈ ರಸ್ತೆಗಳಲ್ಲಿ ಕಾರು ಅಪರೂಪ, ಆದರೆ ಬಂದರೆ ವೇಗವಾಗಿ ಬರುತ್ತದೆ. ಊರ ಹೊರಗಿನ ದ್ವಿಪಥ ರಸ್ತೆಗಳ ಸಾಮಾನ್ಯ ಮಿತಿಯನ್ನು 2018ರ ಜುಲೈನಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಇಳಿಸಿದರು. ಆಮೇಲೆ ಕೆಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ ಮತ್ತೆ 90ಕ್ಕೆ ಏರಿಸಿಕೊಂಡವು. ಸೈಕಲ್ಲನ್ನು ಹಿಂದಿಕ್ಕುವ ಕಾರು ಊರೊಳಗೆ ಒಂದು ಮೀಟರ್, ಊರ ಹೊರಗೆ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಕಾನೂನು, ಹಳ್ಳಿಗಾಡಿನಲ್ಲಿ ಬಹಳ ಮಂದಿ ಅದನ್ನು ಪಾಲಿಸುತ್ತಾರೆ. ಎಡಬದಿಯ ಸಂಚಾರಕ್ಕೆ ಒಗ್ಗಿದ ನಮ್ಮವರು ಎಚ್ಚರ ವಹಿಸಬೇಕಾದ ವಿಷಯ ಬೇರೆಯಿದೆ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ಹಳೆಯ ನಿಯಮ ಚಿಕ್ಕ ಊರುಗಳಲ್ಲಿ ಇನ್ನೂ ಜೀವಂತವಾಗಿದೆ. ಸಂದಿಯಿಂದ ಬಂದ ಟ್ರ್ಯಾಕ್ಟರ್ ನಿಲ್ಲದೆ ನುಗ್ಗಿದರೆ ತಪ್ಪು ಅದರದಲ್ಲ.

ಮೌನಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಕಾರುಗಳಿಲ್ಲದ ಕಡೆ ಅಂಗಡಿಗಳೂ ಇರುವುದಿಲ್ಲ. ಹಳ್ಳಿಯ ಬ್ರೆಡ್ಡಿನ ಅಂಗಡಿ ಇದ್ದರೂ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿ ಮೂರರ ಮೇಲೆ ತೆರೆಯಬಹುದು, ಸೋಮವಾರ ಇಡೀ ದಿನ ಮುಚ್ಚಿರಬಹುದು. ಕೆಲವು ಊರುಗಳಲ್ಲಿ ಅಂಗಡಿಯ ಜಾಗದಲ್ಲಿ ನಾಣ್ಯ ಹಾಕಿದರೆ ಉದ್ದನೆಯ ಬ್ರೆಡ್ಡು ಹೊರಬರುವ ಯಂತ್ರ ನಿಂತಿದೆ. ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಬ್ರೆಡ್ಡು, ಚೀಸು, ಹಣ್ಣು ಕಟ್ಟಿಕೊಳ್ಳುವುದು ಜಾಣತನ. ಸಸ್ಯಾಹಾರಿಗಳಿಗಂತೂ ಹಳ್ಳಿಯ ಹೋಟೆಲಿನ ಮಧ್ಯಾಹ್ನದ ಊಟಕ್ಕಿಂತ ಈ ಬುತ್ತಿಯೇ ಭರವಸೆಯದು.

ನೀರಿನ ವಿಷಯದಲ್ಲಿ ಫ್ರೆಂಚ್ ಸವಾರರೆಲ್ಲರಿಗೂ ತಿಳಿದ ಗುಟ್ಟೊಂದಿದೆ: ಊರ ಸ್ಮಶಾನ. ಗೋರಿಗಳ ಮೇಲಿನ ಹೂಗಿಡಗಳಿಗೆ ನೀರು ಹಾಕಲೆಂದು ಸ್ಮಶಾನದ ಗೇಟಿನ ಒಳಗೆ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ, ಅದರ ಪಕ್ಕದಲ್ಲಿ ಹಸಿರು ಪ್ಲಾಸ್ಟಿಕ್ಕಿನ ಝಾರಿಗಳು ತೂಗುತ್ತಿರುತ್ತವೆ. ನೀರು ಬಹಳ ಕಡೆ ಊರಿನ ಕೊಳಾಯಿ ನೀರೇ. 'ಓ ನೋಂ ಪೊತಾಬ್ಲ್' ಎಂಬ ಬರಹವಿದ್ದರೆ ಕುಡಿಯುವಂತಿಲ್ಲ. ಸ್ಮಶಾನದ ನೀರೇ ಎಂದು ನಮ್ಮವರು ಮೊದಲ ದಿನ ಹಿಂಜರಿಯಬಹುದು. ಜುಲೈ ತಿಂಗಳ ಬಿಸಿಲಿನಲ್ಲಿ ಎರಡು ಊರುಗಳನ್ನು ದಾಟುವಷ್ಟರಲ್ಲಿ ಆ ಹಿಂಜರಿಕೆ ಇಳಿಯುತ್ತದೆ.

ಬಿಸಿಲಿಗೆ ಹೆದರುವವರು ಮೇ, ಜೂನ್ ಅಥವಾ ಸೆಪ್ಟೆಂಬರನ್ನು ಆರಿಸಿಕೊಳ್ಳಬೇಕು. ಆಗ ದಾರಿಯೂ ಖಾಲಿ, ಕೊಠಡಿಯೂ ಸುಲಭ.

ಸೈಕಲ್ ಹೊತ್ತ ಪ್ರವಾಸದ ಗಟ್ಟಿತನ ಕೊನೆಗೆ ರೈಲಿನ ಮೇಲೆಯೇ ನಿಂತಿದೆ ಎಂಬುದು ಈ ಕಥೆಯ ತಮಾಷೆ. ಪ್ರಾದೇಶಿಕ ರೈಲುಗಳಾದ ಟಿಇಆರ್‌ಗಳಲ್ಲಿ ಸೈಕಲ್ಲನ್ನು ಇಡಿಯಾಗಿ ಒಯ್ಯಬಹುದು, ಬಹಳ ಕಡೆ ಶುಲ್ಕವಿಲ್ಲ, ಕೆಲವು ಪ್ರದೇಶಗಳಲ್ಲಿ ಮಾತ್ರ ಬೇಸಿಗೆಯಲ್ಲಿ ಜಾಗ ಕಾಯ್ದಿರಿಸಬೇಕು. ಟಿಜಿವಿಯಲ್ಲಿ ಕಾಯ್ದಿರಿಸದೆ ಆಗದು, ಸೈಕಲ್ ಜಾಗವಿಲ್ಲದ ಗಾಡಿಗಳಲ್ಲಿ ಚಕ್ರ ಬಿಚ್ಚಿ ಚೀಲದಲ್ಲಿ ತುಂಬಬೇಕು. ಆದ್ದರಿಂದ ಪ್ಯಾರಿಸಿನಿಂದ ಬರುವವರಿಗೆ ದಿಜೋಂವರೆಗೆ ಬಂದು, ಅಲ್ಲಿಂದ ಲಿಯೋಂ ಕಡೆಗೆ ಹೋಗುವ ಟಿಇಆರ್ ಹಿಡಿದು ಶಾಲೋಂ-ಸ್ಯುರ್-ಸೋನ್‌ನಲ್ಲಿ ಇಳಿಯುವುದು ಸಲೀಸು. ಶಾಲೋಂನಿಂದ ಜಿವ್ರಿಗೆ ಸುಮಾರು ಹತ್ತು ಕಿಲೋಮೀಟರ್. ಅಲ್ಲಿಂದ ಬ್ಯುಸಿ, ಕೊರ್ಮತ್ಯಾಂ, ಕ್ಲುನಿ, ಸುರಂಗ. ಎರಡು ದಿನಗಳಲ್ಲಿ ಆರಾಮವಾಗಿ ಮಾಕೋಂ. ಮಾಕೋಂ ಪೇಟೆಯ ನಿಲ್ದಾಣ ಅದೇ ಮುಖ್ಯ ರೈಲುಮಾರ್ಗದಲ್ಲಿದೆ, ಹಿಂದಿರುಗುವ ಟಿಇಆರ್ ಅಲ್ಲಿಗೇ ಬರುತ್ತದೆ. ಕ್ಲುನಿಯಲ್ಲಿ ಕಾಲು ಸೋತವರಿಗೆ ಮಾತ್ರ ರೈಲಿನ ಆಸೆಯಿಲ್ಲ. ಮಾಕೋಂಗೂ ಶಾಲೋಂಗೂ ಅಲ್ಲಿಂದ ಈಗ ಹೋಗುವುದು ಬಸ್ಸು.